ತೊಳೆದುಹೋದ ಪೆಪ್ಪರ್‌ಪಾಟ್

ನಮ್ಮ ಅಡುಗೆಯ ಕೆಜಾಯಾ ಆಂಟಿ ನಂಬಿದ್ದು ಎರಡನ್ನೇ: ದೇವರು ಮತ್ತು ಪೆಪ್ಪರ್‌ಪಾಟ್ ಎಂಬ ಮಾಂಸದ ಸಾರಿನ ಮಡಕೆ. ದೇವರನ್ನು ಭಾನುವಾರ ಮಾತ್ರ ವಿಚಾರಿಸಿಕೊಳ್ಳುತ್ತಾಳೆ. ಮಡಕೆಯನ್ನು ದಿನಕ್ಕೆರಡು ಸಲ.

ವಿಕ್ಟೋರಿಯಾ ರಾಣಿ ಸತ್ತ ವರ್ಷ ಆ ಮಡಕೆಯನ್ನು ನನ್ನ ಅತ್ತೆಯ ಒಲೆಗೇರಿಸಿದವಳು ಅವಳು. ಆಮೇಲೆ ಗಯಾನಾಕ್ಕೆ ಎಷ್ಟೋ ಗವರ್ನರುಗಳು ಬಂದರು, ಹೋದರು. ಮಡಕೆ ಒಮ್ಮೆಯೂ ಬರಿದಾಗಲಿಲ್ಲ. ತಿಂದಷ್ಟು ಮಾಂಸ ಮತ್ತೆ ಹಾಕುವುದು, ಕೆಡದಂತೆ ಕಹಿ ಮರಗೆಣಸಿನ ರಸ ಬತ್ತಿಸಿದ ಕಪ್ಪು ಪಾಕ ಸುರಿಯುವುದು, ಬೆಳಿಗ್ಗೆ ಸಂಜೆ ಕುದಿಸುವುದು. ಗಂಡನನ್ನು ಮಣ್ಣು ಮಾಡಿದ ದಿನವೂ ಕುದಿಸಿಯೇ ಹೋದಳಂತೆ. "ಅವನಿಗೇನು ಅವಸರ, ಮಲಗಿದ್ದ," ಎನ್ನುತ್ತಾಳೆ.

ನಾನು ಜಾರ್ಜ್‌ಟೌನಿನಲ್ಲಿ ಓದಿದವಳು. ಮರಗೆಣಸಿನ ಹಸಿ ರಸ ವಿಷವೆಂದು ಬರೆದು ಅಂಕ ಗಳಿಸಿದವಳು. ಕುದಿಸಿದರೆ ವಿಷ ಹೋಗುತ್ತದೆಂದು ಅದೇ ಪುಟದ ಕೆಳಗಿತ್ತು. ಎಂಟು ತಿಂಗಳ ಮಗು ಮಡಿಲಲ್ಲಿದ್ದರೆ ಪುಟದ ಕೆಳಭಾಗ ಯಾರಿಗೆ ನೆನಪಿರುತ್ತದೆ? ಇಪ್ಪತ್ತೆಂಟು ವರ್ಷದ ಸಾರಿಗೆ ಆಂಟಿ ಬೆರಳದ್ದಿ ಮಗುವಿಗೆ ನೆಕ್ಕಿಸುವುದನ್ನು ಒಂದು ಶನಿವಾರ ಕಂಡೆ. ಮರುದಿನ ಅವಳು ಚರ್ಚಿಗೆ ಹೋದದ್ದೇ ತಡ, ಮಡಕೆಯನ್ನು ಚರಂಡಿಗೆ ಬಗ್ಗಿಸಿ, ಬೂದಿ ಹಾಕಿ ಉಜ್ಜಿ, ಬಿಸಿಲಿಗೆ ಬೋರಲು ಹಾಕಿದೆ.

ಆಂಟಿ ಬಂದಳು. ನೋಡಿದಳು. ಟೋಪಿ ತೆಗೆಯಲಿಲ್ಲ.

"ಯಾರು ಸತ್ರು ಅಮ್ಮಾವ್ರೇ?"

"ಯಾರೂ ಸಾಯಬಾರ್ದು ಅಂತಾನೇ ತೊಳೆದೆ, ಆಂಟಿ."

"ನಿಮ್ಮ ಯಜಮಾನ್ರು ಇದನ್ನೇ ನೆಕ್ಕಿ ಬೆಳೆದಿದ್ದು. ಬುದ್ಧಿ ಸ್ವಲ್ಪ ಕಮ್ಮಿ, ಹೌದು. ಜೀವಕ್ಕೇನೂ ಆಗಿಲ್ವಲ್ಲ." ಮೊಳೆಗೆ ತೂಗುಹಾಕಿದ್ದ ತನ್ನ ಏಪ್ರನ್ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. "ತಂಗಿ ಮನೆಗೆ ಹೋಗ್ತೀನಿ. ಮಡಕೆ ಇಲ್ದಿರೋ ಮನೇಲಿ ನಂಗೇನು ಕೆಲಸ."

ನನಗೆ ಅನ್ನ ಬೇಯಿಸಲೂ ಬಾರದು. ಮಗು ಅವಳ ಹೆಗಲ ಮೇಲಲ್ಲದೆ ಬೇರೆಲ್ಲೂ ಮಲಗದು.

"ಹೊಸದಾಗಿ ಇಡೋಕಾಗಲ್ವಾ?"

"ಹಳೇದು ಒಂದು ಸೌಟಾದ್ರೂ ಬೇಕು. ಬೀದಿ ಆಚೆ ಯುಲಾಲಿ ಹತ್ರ ಇದೆ, ಅವಳ ಮದುವೇಲಿ ನಾನೇ ಇದ್ರಿಂದ ಕೊಟ್ಟಿದ್ದು. ತೊಳೆದವ್ರೇ ಹೋಗಿ ಕೇಳ್ಬೇಕು."

ಯುಲಾಲಿ ಎಂದರೆ ನನಗಿಂತ ಮೊದಲು ನನ್ನ ಗಂಡ ಮದುವೆಯಾಗಬೇಕೆಂದಿದ್ದ ಹೆಣ್ಣು. ಒಂದು ಕೈಯಲ್ಲಿ ಬಟ್ಟಲು, ಸೊಂಟದಲ್ಲಿ ಮಗು, ಹೋದೆ. ಮೆಟ್ಟಿಲಲ್ಲೇ ನಿಲ್ಲಿಸಿದಳು.

"ತೊಳೆದ್ರಾ? ಸೋಪ್ ಹಾಕಿ?"

"ಬೂದಿ."

"ನಿಮ್ಮನೆಯವ್ರನ್ನೇ ಬಿಟ್ಟುಕೊಟ್ಟಿದ್ದೀನಿ, ಇದೇನು ಮಹಾ," ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಎರಡು ಸೌಟು ಹಾಕಿದಳು.

ಆಂಟಿ ಬಟ್ಟಲನ್ನು ಮೂಸಿ ನೋಡಿ, ಏಪ್ರನ್ ಬಿಚ್ಚಿ ಕಟ್ಟಿಕೊಂಡಳು. "ಇನ್ಮೇಲೆ ಭಾನುವಾರ ಬೆಳಿಗ್ಗೆ ನೀವೇ ಕುದಿಸ್ಬೇಕು."

ಕುದಿಸುತ್ತಿದ್ದೇನೆ, ಗಡಿಯಾರ ನೋಡಿಕೊಂಡು, ಬೇಕಾದದ್ದಕ್ಕಿಂತ ಎರಡರಷ್ಟು ಹೊತ್ತು. ಮೊದಲ ತುತ್ತು ಗಂಡನಿಗೆ. ಅರ್ಧ ಗಂಟೆ ಅವನ ಮುಖ ನೋಡುತ್ತೇನೆ, ಆಮೇಲೆ ಮಗುವಿಗೆ.