ಕೆಂಪಮ್ಮ ದಾರಿ ಮರೆಸಿದ ಚಾಣ

ಶಕುನ, ಮಾಟಗಳನ್ನು ನಾನು ನಂಬಿದವಳಲ್ಲ. ನಸುಕಿನಲ್ಲೇ ಎದ್ದು ಕತ್ತರಿ, ಬಟ್ಟೆ ಕುದಿಸಿ, ಒಂದೊಂದನ್ನೂ ಅದರದರ ಜಾಗದಲ್ಲಿಡುವುದು ಹೆರಿಗೆ ನರ್ಸಾಗಿ ನಾನು ಕಲಿತ ಶಿಸ್ತು. ಐವತ್ತರ ದಶಕದಲ್ಲಿ ಗುಂಡ್ಲುಪೇಟೆಯಲ್ಲಿ ಕಂಡ ಒಂದು ಸಂಗತಿ ಮಾತ್ರ ಆ ಶಿಸ್ತಿಗೆ ಇಂದಿಗೂ ಸಿಕ್ಕಿಲ್ಲ.

ಕಾರ್ತಿಕದಲ್ಲಿ ಊಟಿ ರಸ್ತೆಯ ತಂತಿಗಳ ಮೇಲೆ ಪುಟ್ಟ ಚಾಣಗಳ ಹಿಂಡು ಇಳಿದಿತ್ತು. ಗಿಡುಗನ ಜಾತಿಯ, ದೂರದ ಪಯಣದ ಹಕ್ಕಿಗಳು. ಅದರಲ್ಲೊಂದು ಎಳೆಯ ಹಕ್ಕಿ ತಂತಿಗೆ ಬಡಿದು ನಮ್ಮ ಹಿತ್ತಿಲಿಗೆ ಬಿತ್ತು. ರೆಕ್ಕೆ ಉಳುಕಿತ್ತು. ಬಟ್ಟೆ ಕಟ್ಟಿ ಬಿದಿರಿನ ಮಕ್ಕರಿಯಡಿ ಇಟ್ಟೆ. ಹಿಂಡು ಹೊರಡುವ ಮೊದಲು ಅದು ಗುಣವಾಗಬೇಕಿತ್ತು. ಮೊದಲ ಸಲ ಹೊರಟದ್ದು, ಒಂಟಿಯಾದರೆ ಎಲ್ಲಿಗೆ ಹೋದೀತು?

ಮಿಡತೆ ಎಷ್ಟು ಹಾಕಿದರೂ ತಿಂದು ಎದೆ ತುಂಬಿಕೊಂಡಿತು. ಕಟ್ಟು ಬಿಚ್ಚಿದ ಮೇಲೆ ಕೂತಲ್ಲೇ ರೆಕ್ಕೆ ಬಡಿಯುತ್ತಿತ್ತು. ಸಂಜೆಯಾದರೆ ಕೇರಳದ ಕಡೆಗೇ ಮುಖ. ಬೇರೆ ಕಡೆ ತಿರುಗಿಸಿ ಕೂರಿಸಿದರೂ ಸ್ವಲ್ಪ ಹೊತ್ತಿಗೆ ಮತ್ತೆ ಅತ್ತಲೇ. ನಾನು ಬಾಡಿಗೆಗಿದ್ದ ಮನೆಯ ಒಡತಿ ಕೆಂಪಮ್ಮ ನನ್ನನ್ನು ಗೇಲಿ ಮಾಡಲು ತಿರುಗಿಸುತ್ತಿರಬೇಕೆಂದು ಬಾಗಿಲ ಸಂದಿಯಿಂದ ಕಾದು ನೋಡಿದೆ. ಆಕೆ ಆ ಕಡೆ ಸುಳಿಯಲಿಲ್ಲ.

ಹಕ್ಕಿ ಮಕ್ಕರಿಗೆ ಅಪ್ಪಳಿಸತೊಡಗಿದಾಗ ರೆಕ್ಕೆ ಮುರಿದೀತೆಂದು ಕೆಂಪಮ್ಮ, ಸಂತೆಯಿಂದ ತಂದ ಕೋಳಿ ಹಳೆಯ ಮನೆಗೆ ಓಡದಂತೆ ಮಾಡುವ ಉಪಾಯವನ್ನೇ ಮಾಡಿದಳು. ಹಕ್ಕಿಯನ್ನು ಕೈಯಲ್ಲಿ ಹಿಡಿದು ಒರಳುಕಲ್ಲಿನ ಸುತ್ತ ಬಲಕ್ಕೆ ಮೂರು ಸುತ್ತು ತಿರುಗಿಸಿದಳು. ಎಡಕ್ಕೆ ತಿರುಗಿಸಿದರೆ ಮಾತ್ರ ಆ ಸುತ್ತು ಬಿಚ್ಚುತ್ತದಂತೆ.

"ಇನ್ನು ದಾರಿ ಮರ್ತೋಯ್ತದೆ ಬುಡಿ ನರ್ಸಮ್ಮ."

"ಇದೇನು ನಿನ್ನ ಕೋಳಿಯಾ?"

"ನನ್ ಕೋಳಿ ಇಷ್ಟೊಂದು ತಿನ್ನಾಕಿಲ್ಲ."

ನಕ್ಕುಬಿಟ್ಟೆ. ಆದರೆ ಅಂದು ಸಂಜೆ ಹಕ್ಕಿ ಗೋಡೆಗೆ ಮುಖ ಮಾಡಿ ಕೂತಿತು. ಮಿಡತೆ ಮುಟ್ಟಲಿಲ್ಲ. ಕೆಂಪಮ್ಮ ಏನಾದರೂ ಬೆರೆಸಿದ್ದಾಳೋ ಎಂದು ಮಿಡತೆಗಳನ್ನು ಮೂಸಿ ನೋಡಿದೆ. ಬೆಳಗಾದಾಗ ತಂತಿ ಬರಿದಾಗಿತ್ತು. ಹಿಂಡು ಹೋಗಿಬಿಟ್ಟಿತ್ತು.

ಇಲ್ಲಿ ಉಪವಾಸ ಸಾಯುವುದು ಬೇಡವೆಂದು ಮಕ್ಕರಿ ಎತ್ತಿದೆ. ಅದು ಒರಳುಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತಿತು. ಆಮೇಲೆ ಮೇಲಕ್ಕೆ ಹಾರಿ ಆ ಕಲ್ಲನ್ನೇ ಎಡಕ್ಕೆ ಸುತ್ತಿತು. ಒಂದು, ಎರಡು, ಮೂರು. ಹಾಗೆಯೇ ನೇರ ಕೇರಳದ ಕಡೆಗೆ ಹಾರಿತು.

ಎತ್ತರಕ್ಕೇರಲು ಹಕ್ಕಿಗಳು ಸುತ್ತುತ್ತವೆ, ಬಲ್ಲೆ. ಮೂರೇ ಏಕೆ, ಎಡಕ್ಕೇ ಏಕೆ? ಕೆಂಪಮ್ಮ ರಾತ್ರಿ ನನಗೆ ತಿಳಿಯದಂತೆ ಅದನ್ನು ಎಡಕ್ಕೆ ತಿರುಗಿಸಿ ಸುತ್ತು ಬಿಚ್ಚಿರಬೇಕು, ಹಕ್ಕಿ ಅದನ್ನೇ ಮಾಡಿತು ಎಂದುಕೊಂಡು ತಿರುಗಿ ನೋಡಿದೆ. ಆಕೆ ಆಗಲೇ ನನ್ನನ್ನು ದಿಟ್ಟಿಸುತ್ತಿದ್ದಳು.

"ನಿಜ ಯೋಳಿ, ನೀವೇ ತಾನೇ ಬಿಚ್ಚಿದ್ದು?"

ನಾನು ಆಣೆ ಮಾಡಿದೆ. ಆಕೆಯೂ ಮಾಡಿದಳು. ಆ ಮನೆಯಲ್ಲಿದ್ದಷ್ಟು ಕಾಲ ಒಬ್ಬರನ್ನೊಬ್ಬರು ನಂಬಲಿಲ್ಲ. ನಾನು ಈಗಲೂ ಆಕೆಯನ್ನು ನಂಬಿಲ್ಲ. ನಂಬಿದರೆ, ಸುತ್ತು ಬಿಚ್ಚುವುದು ಹಕ್ಕಿಗೇ ಗೊತ್ತಿತ್ತು ಎಂದು ಒಪ್ಪಬೇಕಾಗುತ್ತದೆ.