ನನಗೆ ತೋರಿಸದ ಗಾಯ

ನನ್ನ ಗಂಡನಿಗೆ ಆಪರೇಷನ್ ಆದಮೇಲೆ ಅವರ ಮೂತ್ರದ ಬಾಟ್ಲಿ ತೊಳೆದವಳು ನಾನು, ಒದ್ದೆ ಬಟ್ಟೆ ಒಗೆದವಳು ನಾನು, ಗಂಜಿ ಕಾಯಿಸಿದವಳು ನಾನು. ಗಾಯ ಮಾತ್ರ ನನಗೆ ತೋರಿಸಲಿಲ್ಲ. ಅದನ್ನು ಅವರ ಅಕ್ಕ ಬಾಗಿಲು ಹಾಕಿಕೊಂಡು ತೊಳೆಯುತ್ತಿದ್ದಳು. ಕಟ್ಟಿಕೊಂಡ ಹೆಂಡತಿಗೆ ಏನು ಮರೆ ಇದೆ ಅಂತ ನನಗೆ ಹೊಟ್ಟೆಯೊಳಗೆ ಉರಿಯುತ್ತಿತ್ತು.

ಕ್ಯಾಸನೂರಿನ ಕಡೆ ಕಾಡಿನಲ್ಲಿ ಮಂಗ ಸತ್ತು ಬೀಳುತ್ತಿದ್ದ ವರ್ಷ ಅದು. ನಮ್ಮದು ಅಂಜನಾಪುರದ ಹತ್ತಿರದ ಹಳ್ಳಿ. ಸ್ವಲ್ಪ ಗದ್ದೆ, ಒಂದು ಹಿಂಡು ಕುರಿ. ಅವರಿಗೆ ಐವತ್ತೈದು ದಾಟಿತ್ತು, ನನಗೆ ಮೂವತ್ತೈದರ ಸುಮಾರು. ನಾನು ಅವರಿಗೆ ಉಡಿಕೆಯಾಗಿ ಬಂದವಳು. ಮೊದಲು ಕಟ್ಟಿಕೊಂಡವನು ಕುಡಿದು ಹೊಡೆಯುತ್ತಿದ್ದ. ಹಿರೀಕರ ಮುಂದೆ ಅವನ ತಾಳಿ ತೆಗೆದಿಟ್ಟು, ಇವರು ಕೊಟ್ಟ ಸೀರೆ ಉಟ್ಟು ಇವರ ಹಿಂದೆ ಬಂದೆ. ನಮ್ಮ ಜನದಲ್ಲಿ ಹೆಂಗಸಿಗೆ ಆ ದಾರಿ ಇತ್ತು. ಗಂಡ ಹೊಡೆದರೂ ಬಿಡಬಹುದು, ಗಂಡ ಗಂಡಸಲ್ಲ ಅಂದರೂ ಬಿಡಬಹುದು. ಇವರ ಜೊತೆ ಹತ್ತು ವರ್ಷ ಬಾಳಿದ್ದೆ. ಮಕ್ಕಳಾಗಲಿಲ್ಲ. ಕೈ ಎತ್ತಿದವರಲ್ಲ.

ಮೂತ್ರ ಕಟ್ಟಿ ಹೊಟ್ಟೆ ಕಲ್ಲಾದಾಗ ಅವರನ್ನು ದೊಡ್ಡಾಸ್ಪತ್ರೆಗೆ ಸಾಗಿಸಿದರು. ಅದು ಕುರಿ ಮರಿ ಹಾಕುವ ಕಾಲ, ನಾನು ಬಿಟ್ಟು ಹೋಗುವಂತಿರಲಿಲ್ಲ. ಸೊರಬದಲ್ಲಿದ್ದ ಅವರ ಅಕ್ಕ ಜೊತೆಗೆ ಹೋದಳು. ಆಪರೇಷನ್ನಿಗೆ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದು ಅವರಿಬ್ಬರೇ. ಮೂತ್ರದ ದಾರಿಯಲ್ಲಿ ಗಡ್ಡೆ ಇತ್ತು, ಹೊಟ್ಟೆ ಕೊಯ್ದು ತೆಗೆದರು ಅಂತ ನನಗೆ ಹೇಳಿ ಕಳಿಸಿದರು. ಇಪ್ಪತ್ತು ದಿನ ಆದಮೇಲೆ ಆಸ್ಪತ್ರೆಯಿಂದ ಬಿಟ್ಟಾಗ ಊರಿಗೆ ತರಲಿಲ್ಲ. ಪಕ್ಕದ ಬೀದಿಯಲ್ಲೇ ಕಂಪೌಂಡರ್ ಇದ್ದಾನೆ ಅಂತ ಅಕ್ಕ ಸೊರಬದ ತನ್ನ ಮನೆಗೇ ಕರೆದುಕೊಂಡು ಹೋದಳು. ನಾನು ಕುರಿಯನ್ನು ಮೈದುನನಿಗೆ ಒಪ್ಪಿಸಿ, ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋದೆ.

ಮಂಚದ ಮೇಲೆ ಅವರು, ಮಂಚದ ಕೆಳಗೆ ಬಾಟ್ಲಿ, ನಡುವೆ ಒಂದು ರಬ್ಬರ್ ನಳಿಗೆ. ಹೊಟ್ಟೆಯ ಗಾಯದಿಂದ ಇನ್ನೂ ನೀರು ಜಿನುಗುತ್ತದೆ, ಅದು ನಿಲ್ಲುವ ತನಕ ನಳಿಗೆ ಇರಲಿ ಅಂತ ಕಳಿಸಿದ್ದರಂತೆ. ಕಂಪೌಂಡರ್ ನನಗೆ ಬಾಯಿಪಾಠ ಮಾಡಿಸಿದ. ಗಳಿಗೆಗೊಮ್ಮೆ ನೀರು ಕೊಡಬೇಕು. ಮಲ ಕಟ್ಟಬಾರದು, ತಿಣುಕಬಾರದು. ಭಾರ ಎತ್ತುವ ಮಾತೇ ಇಲ್ಲ. ಇವತ್ತು ಅಂಗಳದಲ್ಲಿ ಹತ್ತು ಹೆಜ್ಜೆ, ನಾಳೆ ಇಪ್ಪತ್ತು. ಬಸ್ಸು ಹತ್ತುವುದು ತಿಂಗಳಾದಮೇಲೆ.

ಅಕ್ಕ ಒಪ್ಪಲಿಲ್ಲ. "ಹಸಿ ಗಾಯಕ್ಕೆ ಅಷ್ಟು ನೀರು ಕುಡಿಸ್ತೀಯಲ್ಲೇ, ಕೀವಾಗ್ತದೆ. ಬಾಣಂತಿಗೆ ಕೊಡೋ ಹಂಗೆ ಗುಟುಕು ಗುಟುಕು ಕೊಡು" ಅಂದಳು.

"ನಿನ್ನ ತಮ್ಮ ಏನ್ ಹಡೆದಾನೇನಕ್ಕಾ?" ಅಂದೆ.

ಮಂಚದ ಮೇಲಿದ್ದವರಿಗೆ ನಗು ಬಂತು. ನಕ್ಕರೆ ಹೊಟ್ಟೆ ನೋವು. ದಿಂಬು ಅವುಚಿಕೊಂಡು ನಕ್ಕರು. "ಚೆಂಬು ಚೆಂಬು ಸುರೀತೀಯಲ್ಲ, ನಾನೇನು ಎಮ್ಮೇನಾ?" ಅಂದರು.

"ಎಮ್ಮೆ ಆಗಿದ್ರೆ ಹಾಲಾದ್ರೂ ಕೊಡ್ತಿತ್ತು. ಕುಡೀರಿ ಸುಮ್ಮನೆ."

ಬಾಟ್ಲಿಯಲ್ಲಿ ಕೆಂಪು ಹೋಯಿತು, ಚಾದ ಬಣ್ಣ ಬಂತು, ಆಮೇಲೆ ತಿಳಿಯಾಯಿತು. ಹತ್ತು ಹೆಜ್ಜೆ ನೂರಾಯಿತು. ನಾನು ಹಿಗ್ಗಿದೆ. ದಿನಾ ಬೆಳಿಗ್ಗೆ ಅಕ್ಕ ಬಿಸಿನೀರು ಹಿಡಿದು ಒಳಗೆ ಹೋಗಿ ಅಗಳಿ ಹಾಕಿದಾಗ ಮಾತ್ರ ಆ ಹಿಗ್ಗು ಇಳಿದು ಹೋಗುತ್ತಿತ್ತು.

ನಳಿಗೆ ತೆಗೆಯುವ ದಿನ ಅಕ್ಕ ಮನೆಯಲ್ಲಿರಲಿಲ್ಲ, ಸಂತೆಗೆ ಹೋಗಿದ್ದಳು. ಕಂಪೌಂಡರ್ ಬಂದು ನನಗೆ ಬಿಸಿನೀರು ತರಲು ಹೇಳಿದ.

"ಅವಳು ಹೊರಗಿರಲಿ ಬಿಡ್ರೀ" ಅಂದರು ಇವರು.

"ಹೆಂಡ್ತಿ ಹೊರಗಿದ್ರೆ ನಾಳಿಂದ ಬಟ್ಟೆ ಕಟ್ಟೋದು ಯಾರು ಮಾರಾಯಾ, ನಾನಾ?" ಅಂತ ಅವನು ದುಪ್ಪಟಿ ಸರಿಸಿಯೇ ಬಿಟ್ಟ. ನಳಿಗೆ ಎಳೆದ. ಬಗ್ಗಿ ನೋಡಿದ. "ಹೊಟ್ಟೇದು ಕೂಡಿದೆ. ಬೀಜ ತೆಗೆದ ಕಡೇನೂ ಒಣಗಿದೆ. ಒಳ್ಳೇ ಮೈ ಕಣಮ್ಮ ನಿನ್ನ ಯಜಮಾನರದು."

ನಾನು ಬಿಸಿನೀರಿನ ಪಾತ್ರೆ ಹಿಡಿದು ನಿಂತಿದ್ದೆ. ಬೀಜ ಒಡೆದ ಟಗರು ಎಷ್ಟು ನೋಡಿಲ್ಲ ನಾನು! ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಅವನು ಹೇಳಿದ. ಗಡ್ಡೆ ಕೆಟ್ಟ ಜಾತಿಯದಂತೆ, ಕ್ಯಾನ್ಸರಂತೆ. ಬೀಜ ತೆಗೆದರೆ ಅದಕ್ಕೆ ಮೇವು ಸಿಗುವುದಿಲ್ಲವಂತೆ, ಮನುಷ್ಯ ನಾಲ್ಕು ಕಾಲ ಉಳಿಯುತ್ತಾನಂತೆ. "ನಿನಗೆ ಹೇಳಿಲ್ವಾ?" ಅಂದ. ಗೋಡೆ ಕಡೆ ತಿರುಗಿದ್ದ ಇವರ ಮುಖ ಈ ಕಡೆ ತಿರುಗಲಿಲ್ಲ.

ಅಕ್ಕ ಸಂತೆಯಿಂದ ಬಂದು ಚೀಲ ಇಳಿಸುವ ಮೊದಲೇ ಕೇಳಿದೆ. "ಯಾಕೆ ಮುಚ್ಚಿಟ್ರಿ?"

ಅವಳೂ ಮುಚ್ಚುಮರೆ ಮಾಡಲಿಲ್ಲ. "ಅವನೇ ಬೇಡ ಅಂದ. ಒಬ್ಬನ್ನ ಬಿಟ್ಟು ಬಂದವಳು, ಗೊತ್ತಾದ್ರೆ ನನ್ನನ್ನೂ ಬಿಟ್ಟು ಉಡಿಕೆ ಆಗ್ತಾಳೆ ಅಂದ. ಪೂರ್ತಿ ಎದ್ದು ಓಡಾಡೋ ತನಕ ಗೊತ್ತಾಗೋದು ಬೇಡ ಅಂದ."

ಎದ್ದು ಓಡಾಡುವ ತನಕ! ಅಲ್ಲಿ ತನಕ ಬಾಟ್ಲಿ ತೊಳೆಯಲು ನಾನು ಬೇಕು. ಬೀಜ ತೆಗೆದದ್ದು ನನಗೇನೂ ಅನ್ನಿಸಲಿಲ್ಲ, ಜೀವ ಉಳಿಯಿತಲ್ಲ. ಆದರೆ ಹಿರೀಕರ ಮುಂದೆ ನಾನು ಯಾಕೆ ಗಂಡನನ್ನು ಬಿಟ್ಟೆ ಅಂತ ಬೆನ್ನಿನ ಬಾಸುಂಡೆ ತೋರಿಸಿದ್ದೆ. ಆಗ ಕಣ್ಣಾರೆ ನೋಡಿ ಸೀರೆ ಕೊಟ್ಟವರು ಇವರು. ಈಗ ಬಿಟ್ಟು ಬಂದದ್ದನ್ನೇ ತಪ್ಪು ಮಾಡಿ ನನ್ನ ತಲೆಗೆ ಕಟ್ಟಿ ಅಕ್ಕನ ಹತ್ತಿರ ಆಡಿದ್ದರು.

ಆದರೂ ಕೆಲಸ ಬಿಡಲಿಲ್ಲ. ನಳಿಗೆ ತೆಗೆದಮೇಲೆ ಅವರಿಗೆ ಮೂತ್ರ ನಿಲ್ಲುತ್ತಿರಲಿಲ್ಲ. ಕೆಮ್ಮಿದರೆ ಒಂದಿಷ್ಟು, ಎದ್ದರೆ ಒಂದಿಷ್ಟು. ಹಳೇ ಪಂಚೆ ಹರಿದು ಮಡಿಸಿ ನಾನೇ ಕಟ್ಟುತ್ತಿದ್ದೆ. ದಿನಾ ಹಿಡಿದು ಬಿಡುವ ಅಭ್ಯಾಸ ಮಾಡಲಿ, ಬರಬರುತ್ತಾ ನಿಲ್ಲುತ್ತದೆ ಅಂದಿದ್ದ ಕಂಪೌಂಡರ್. ಅವರು ನಾಚಿ ಕಣ್ಣು ಮುಚ್ಚುತ್ತಿದ್ದರು. ಮುಚ್ಚಲಿ ಅಂತ ನಾನೂ ಬಿಟ್ಟೆ.

ವಾರ ಕಳೆದಮೇಲೆ ಕುರಿಗೆ ಕಾಲುಬೇನೆ ಬಂದಿದೆ ಅಂತ ಮೈದುನ ಹೇಳಿ ಕಳಿಸಿದ. ಮೂರು ದಿನ ನೋಡಿ ಬರುತ್ತೇನೆ ಅಂತ ಅಕ್ಕನಿಗೆ ಹೇಳಿ, ಬಟ್ಟೆ ಮಡಿಸಿಟ್ಟು, ಮೊದಲ ಬಸ್ಸಿಗೆ ಹೊರಟೆ. ಇವರಿಗೂ ಕೇಳಿಸುವ ಹಾಗೆಯೇ ಹೇಳಿದ್ದೆ.

ಮಾರನೇ ದಿನ ಮಧ್ಯಾಹ್ನ ಕೊಟ್ಟಿಗೆಯಲ್ಲಿ ಕುರಿಯ ಗೊರಸು ತೊಳೆಯುತ್ತಿದ್ದೆ. ತಲೆ ಎತ್ತಿದರೆ ಬಾಗಿಲಲ್ಲಿ ಇವರು. ಎರಡು ಬಸ್ಸು ಹತ್ತಿ ಇಳಿದು, ರಸ್ತೆಯಿಂದ ಊರಿನ ತನಕ ನಡೆದು ಬಂದಿದ್ದರು. ಮುಖ ಸುಣ್ಣ, ಪಂಚೆ ಮೊಣಕಾಲಿನ ತನಕ ಒದ್ದೆ. ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದರು.

"ಹೋದೆ ಅನ್ಕಂಡೆ" ಅಂದರು.

"ಎಲ್ಲಿಗೆ?"

ಅವರ ಕಣ್ಣು ಜಗಲಿಯ ಮೇಲೆ ಹೋಯಿತು, ನಡುಮನೆಯೊಳಗೆ ಹೋಯಿತು, ಬೇರೆ ಗಂಡಸಿನ ಚಪ್ಪಲಿ ಇದೆಯೇನೋ ಅನ್ನುವ ಹಾಗೆ. ನಾನು ನೋಡಿದೆ. ಅಕ್ಕ ಹೇಳಿದ್ದಕ್ಕಿಂತ ಅದು ಹೆಚ್ಚು ಚುಚ್ಚಿತು.

ಕೈ ತೊಳೆದು ಬಂದು ಅವರನ್ನು ಮಲಗಿಸಿದೆ. ಪಂಚೆ ಬಿಚ್ಚಿ ಎರಡು ಕಡೆಯೂ ನೋಡಿದೆ. ಹೊಲಿಗೆಯ ಗುರುತು ಕೆಂಪಾಗಿತ್ತು, ಬಿಟ್ಟುಕೊಂಡಿರಲಿಲ್ಲ. ಒರೆಸಿ ಒಣಬಟ್ಟೆ ಕಟ್ಟಿ ಒಂದು ಚೆಂಬು ನೀರು ಕೊಟ್ಟೆ. ಪೂರ್ತಿ ಕುಡಿದರು.

"ಇಲ್ಲೇ ಇರ್ತೀಯಾ?" ಅಂದರು.

"ಕುರಿ ಇಲ್ಲೇ ಇದಾವಲ್ಲ" ಅಂದೆ.

ನೀವಿದ್ದೀರಲ್ಲ ಅನ್ನಬಹುದಿತ್ತು. ಬಾಯಿಗೆ ಬರಲಿಲ್ಲ.