ಬೆಟ್ಟ ಹತ್ತದ ಭಾವ

ಬೆಟ್ಟದ ದಾರಿಯನ್ನು ನಮ್ಮ ಭಾವನಷ್ಟು ಧೈರ್ಯವಾಗಿ ಹೇಳುವವರನ್ನು ನಾನು ಇನ್ನೆಲ್ಲೂ ಕಂಡಿಲ್ಲ. ರಾಷ್ಟ್ರೀಯ ಉದ್ಯಾನದ ಗೇಟಿನ ಪಕ್ಕ, ಕುರ್ಚಿ ಹಿಂದಕ್ಕೆ ತಳ್ಳಿದರೆ ಬಾಗಿಲೇ ತೆರೆಯದಷ್ಟು ಚಿಕ್ಕ ಕೋಣೆಯಲ್ಲಿ ಕೂತು ಟಿಕೆಟ್ ಕೊಡುವುದು ಅವರ ಕೆಲಸ. ಎದುರಿನ ಕ್ಯಾಂಟೀನು ನನ್ನದು. ಅಕ್ಕನ ಗಂಡನಾದ್ದರಿಂದ ನಾನು ‘ಭಾವ’ ಎಂದು ಕೂಗುತ್ತಿದ್ದೆ. ಅದನ್ನು ಕೇಳಿ ಕೇಳಿ ಬಸ್ಸಿನ ಡ್ರೈವರಿನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರಿಗೂ ಅವರು ಭಾವನೇ ಆಗಿಬಿಟ್ಟರು.

ಉದ್ಯಾನದೊಳಗೆ ಅರ್ಧ ದಿನದಲ್ಲಿ ಹೋಗಿಬರುವಂಥ ಮೂರು ದಾರಿಗಳಿವೆ. ಒಂದು ಜಲಪಾತಕ್ಕೆ, ಒಂದು ಕೆರೆಗೆ, ಇನ್ನೊಂದು ತುದಿಯ ಬಂಡೆಗೆ. ಯಾರಿಗೆ ಯಾವ ದಾರಿ ಎನ್ನುವುದು ಭಾವನ ತೀರ್ಪು. ಕಿಂಡಿಯಿಂದ ತಲೆ ಹೊರಗೆ ಹಾಕಿ ಮೊದಲು ಬಂದವರ ಕಾಲಿನ ಚಪ್ಪಲಿ ನೋಡುತ್ತಾರೆ, ಆಮೇಲೆ ಮುಖ. ಹೊಸದಾಗಿ ಮದುವೆಯಾದವರನ್ನು ಕೆರೆಗೆ ಕಳಿಸುತ್ತಾರೆ. ದಾರಿಯುದ್ದಕ್ಕೂ ಜಗಳವಾಡಿಕೊಂಡು ಬಂದವರನ್ನು ಜಲಪಾತಕ್ಕೆ ಕಳಿಸುತ್ತಾರೆ. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲವಂತೆ.

ಇಷ್ಟೆಲ್ಲ ಹೇಳುವ ಮನುಷ್ಯ ಈ ಮೂರರಲ್ಲಿ ಒಂದನ್ನೂ ಹತ್ತಿದವರಲ್ಲ. ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದರೆ ಅವರಿಗೆ ಕೈಕಾಲು ತಣ್ಣಗಾಗುತ್ತದೆ, ನಾನೋ ಅಕ್ಕನೋ ಸೊಂಟ ಹಿಡಿದು ನಿಲ್ಲಬೇಕು. ಸಂಜೆ ಬೆಟ್ಟ ಇಳಿದು ಬಂದವರನ್ನೆಲ್ಲ ತಡೆದು, ಎಲ್ಲಿ ಕಾಲು ಜಾರಿತು, ಎಲ್ಲಿ ಕೂತು ನೀರು ಕುಡಿದಿರಿ, ಮಗು ಅತ್ತದ್ದು ಎಲ್ಲಿ ಎಂದು ವಿಚಾರಿಸಿ ವಿಚಾರಿಸಿ ಇಡೀ ಬೆಟ್ಟವನ್ನು ತಲೆಯಲ್ಲಿ ಕಟ್ಟಿಕೊಂಡಿದ್ದರು. ಊಟ ಮಾಡದೆ ರುಚಿ ಹೇಳುತ್ತೀರಲ್ಲ ಎಂದು ನಾನು ರೇಗಿಸಿದರೆ, ಉಂಡವರನ್ನು ಕೇಳಿದ್ದೀನಲ್ಲ ಎನ್ನುತ್ತಿದ್ದರು. ಜಂಭಕ್ಕೇನೂ ಕಮ್ಮಿ ಇಲ್ಲ.

ಅಕ್ಕ ಇದಕ್ಕೆ ಪೂರ್ತಿ ಉಲ್ಟಾ. ಅವಳು ಅದೇ ಉದ್ಯಾನದ ಗೈಡು. ಬಂಡೆಯ ದಾರಿ ಅವಳದು. ಜನರನ್ನು ಮುಂದೆ ಬಿಟ್ಟು ತಾನು ಹಿಂದೆ ನಡೆಯುವುದು ಅವಳ ಕ್ರಮ. ಕಳೆದ ಮಳೆಗಾಲದಲ್ಲಿ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಕಾಲು ಮುರಿದುಕೊಂಡಳು. ಒಳಗೆ ರಾಡು ಹಾಕಿದರು, ಮೂಳೆ ಕೂಡಿತು, ಇನ್ನು ನಡೆಯುವುದೇ ಔಷಧಿ ಎಂದು ಡಾಕ್ಟರು ಹೇಳಿದರು. ಅಕ್ಕ ನಡೆದಳು, ಮಂಚದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕಿಟಕಿಗೆ. ಜೊತೆಯ ಗೈಡುಗಳು ಕರೆಯಲು ಬಂದರೆ ನೋವು ಎಂದು ಹೇಳಿ ಸಾಗಹಾಕುತ್ತಿದ್ದಳು. ಹೊಸ ಸೀಸನ್ನಿಗೆ ಕೆಲಸಕ್ಕೆ ಬರುತ್ತಾಳೋ ಇಲ್ಲ ಬೇರೆಯವರನ್ನು ಹುಡುಕಬೇಕೋ ಎಂದು ಆಫೀಸಿನವರು ನನ್ನ ಮೂಲಕ ಕೇಳಿ ಕಳಿಸಿದಾಗ, ಬರೋದಿಲ್ಲ ಎಂದು ಹೇಳಿಬಿಡು ಎಂದಳು.

ನನಗೆ ಎಲ್ಲಿತ್ತೋ ಸಿಟ್ಟು. ಊಟದ ಹೊತ್ತು ಎನ್ನುವುದನ್ನೂ ನೋಡದೆ ಕೂಗಾಡಿದೆ. ಆಗ ಅಕ್ಕ ತಟ್ಟೆಯ ಕಡೆಗೇ ನೋಡುತ್ತಾ ನಿಜ ಹೇಳಿದಳು. ನೋವು ಯಾವತ್ತೋ ಹೋಗಿದೆ, ಇರುವುದು ಹೆದರಿಕೆ. ಎಷ್ಟೋ ಜನರನ್ನು ಕೈಹಿಡಿದು ದಾಟಿಸಿದವಳು ಈಗ ಕಾಲು ನಡುಗಿಸಿಕೊಂಡು ಜೊತೆಯವರ ಎದುರು ಹೇಗೆ ನಿಲ್ಲುವುದು ಎಂದಳು.

ಭಾವ ಕೈ ತೊಳೆದು ಬಂದು ಕೂತರು. “ನಾನ್ ಬರ್ತೀನಿ ನಿನ್ ಜೊತೆ. ಬಂಡೆ ತನಕ.”

ಎಷ್ಟೋ ದಿನಗಳ ಮೇಲೆ ಅಕ್ಕ ನಕ್ಕಳು. “ಸ್ಟೂಲ್ ಹತ್ತೋಕಾಗಲ್ಲ ನಿಮಗೆ.”

“ಅದಕ್ಕೇ ಹೇಳ್ತಿರೋದು. ನಿನಗಿಂತ ಜಾಸ್ತಿ ಹೆದರೋನ ಎದುರಿಗೆ ನಿನಗೇನು ನಾಚಿಕೆ?”

ಭಾವನ ವಾರದ ರಜೆಯ ದಿನ ಕ್ಯಾಂಟೀನನ್ನು ಅಡುಗೆಯವನಿಗೆ ಒಪ್ಪಿಸಿ ನಾನೂ ಹೊರಟೆ. ಅಕ್ಕನ ಕೈಯಲ್ಲಿ ಕೋಲು. ಭಾವ ಮೊದಲ ಸಲ ಕಾಣುತ್ತಿದ್ದ ದಾರಿಯನ್ನು ತಮ್ಮ ಮನೆ ಹಿತ್ತಿಲಿನಂತೆ ವಿವರಿಸುತ್ತಾ ನಡೆದರು. ಮುಂದೆ ಕವಲೊಡೆದ ಮರ ಬರುತ್ತದೆ ಎಂದರೆ ಬರುತ್ತಿತ್ತು, ಆಚೆಗೊಂದು ಬೆಂಚಿದೆ ಎಂದರೆ ಇರುತ್ತಿತ್ತು. ಹಾಗೆ ಬಂಡೆಯ ಬುಡಕ್ಕೆ ಬಂದೆವು. ಅಲ್ಲಿ ದಾರಿ ಒಬ್ಬರು ಹೋಗುವಷ್ಟೇ ಅಗಲ, ಒಂದು ಕಡೆ ಬಂಡೆಯ ಗೋಡೆ, ಇನ್ನೊಂದು ಕಡೆ ಕಣಿವೆ. ಅಕ್ಕ ನಿಂತುಬಿಟ್ಟಳು. ಇಲ್ಲಿಗೆ ಸಾಕು, ವಾಪಸ್ ಹೋಗೋಣ ಎಂದಳು.

ಸರಪಳಿ ಇದೆ, ಹಿಡಿದುಕೊಂಡರೆ ಏನೂ ಆಗುವುದಿಲ್ಲ, ನೋಡು ಎನ್ನುತ್ತಾ ಭಾವ ತಾವೇ ಮುಂದೆ ಹೆಜ್ಜೆಯಿಟ್ಟರು. ನಾಲ್ಕಾರು ಹೆಜ್ಜೆ ಹೋಗಿ, ಹಿಡಿದುಕೊಳ್ಳಲು ಕೈಯನ್ನು ಕಣಿವೆಯ ಕಡೆ ಚಾಚಿದರು. ಸರಪಳಿ ಇದ್ದದ್ದು ಬಂಡೆಯ ಕಡೆಗೆ. ಇಳಿದು ಬಂದವರೆಲ್ಲ ಸರಪಳಿ ಇದೆ ಎಂದಿದ್ದರು, ಯಾವ ಕಡೆ ಎಂದು ಇವರು ಕೇಳಿರಲಿಲ್ಲ. ಮಹಡಿಯ ಕಟಕಟೆಯ ಹಾಗೆ ಹೊರಗಡೆಯೇ ಇದೆ ಎಂದುಕೊಂಡಿದ್ದರು. ಕೈಗೆ ಏನೂ ಸಿಗದೆ ಕೆಳಗೆ ನೋಡಿದರು. ಅಷ್ಟೇ, ಬಂಡೆಗೆ ಬೆನ್ನು ಒತ್ತಿ ಕಣ್ಣು ಮುಚ್ಚಿ ನಿಂತುಬಿಟ್ಟರು. ಮುಖದಲ್ಲಿ ರಕ್ತವೇ ಇಲ್ಲ.

ಅಕ್ಕ ಕೋಲನ್ನು ನನ್ನ ಕೈಗೆ ತುರುಕಿದಳು. ಸರಪಳಿ ಹಿಡಿದು ಅವರ ಪಕ್ಕಕ್ಕೆ ಹೋಗಿ ನಿಂತು, ಚಾಚಿದ ಕೈಯನ್ನು ತಂದು ಸರಪಳಿಯ ಮೇಲಿಟ್ಟಳು.

“ಗೋಡೆ ಕಡೆ ತಿರುಗಿ. ಹಿಂದೆ ನಾನಿದೀನಿ. ಬಲಗಾಲು ಸರಿಸಿ. ಹಾಂ, ಈಗ ಎಡಗಾಲು.”

ಅದು ಮನೆಯ ಅಕ್ಕನ ದನಿಯಲ್ಲ, ಗೈಡಿನ ದನಿ. ಅದನ್ನು ಕೇಳಿ ಎಷ್ಟು ತಿಂಗಳಾಗಿತ್ತು! ಭಾವನನ್ನು ಹಾಗೇ ಸರಿಸುತ್ತಾ ಸರಿಸುತ್ತಾ ದಾಟಿಸಿ ಬಂಡೆಯ ಮೇಲೆ ಕೂರಿಸಿದಳು. ನಾನೂ ದಾಟಿದೆ.

ಭಾವ ಬಂಡೆಯ ನಟ್ಟನಡುವೆ ಕೂತು ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಅಷ್ಟರಲ್ಲಿ ದಾರಿಯ ಆಚೆ ತುದಿಯಲ್ಲಿ ಒಂದು ಸಂಸಾರ ಬಂದು ನಿಂತಿತು. ಅವರಲ್ಲಿ ವಯಸ್ಸಾದ ಒಬ್ಬರು ತಾವು ಬರುವುದಿಲ್ಲವೆಂದು ಪಟ್ಟು ಹಿಡಿದಿದ್ದರು. ಅಕ್ಕ ನೋಡಿದಳು. ಭಾವನನ್ನು ನೋಡಿಕೊಂಡಿರು ಎಂದು ನನಗೆ ಹೇಳಿ ಇಳಿದು ಹೋದಳು.

“ಎಲ್ಲಿ ಹೋದ್ಳು?” ಎಂದರು ಭಾವ.

ಯಾರನ್ನೋ ದಾಟಿಸಲು ಹೋದಳು, ಕೋಲು ನನ್ನ ಕೈಯಲ್ಲೇ ಇದೆ ಎಂದೆ. ಭಾವ ಕಣ್ಣು ಬಿಟ್ಟರು. ಅಂಗೈ ಮೊಣಕಾಲು ಊರಿ ತೆವಳುತ್ತಾ ಬಂಡೆಯ ಅಂಚಿಗೇ ಹೋಗಿ, ಹೊಟ್ಟೆಯ ಮೇಲೆ ಮಲಗಿ ತಲೆ ಹೊರಗೆ ಚಾಚಿದರು. ಎದುರಿಗೆ ಕೆರೆ ಹೊಳೆಯುತ್ತಿತ್ತು, ಕಣಿವೆಯ ತುಂಬ ಬಿಸಿಲಿತ್ತು. ಅವರು ಅದು ಯಾವುದನ್ನೂ ನೋಡಲಿಲ್ಲ. ಕೆಳಗಿನ ಇಕ್ಕಟ್ಟು ದಾರಿಯಲ್ಲಿ ಅಕ್ಕ ಇಡುತ್ತಿದ್ದ ಕಾಲನ್ನೇ ನೋಡುತ್ತಾ, ಬಲಗಾಲು, ಎಡಗಾಲು ಎಂದು ಬಾಯೊಳಗೇ ಹೇಳಿಕೊಳ್ಳುತ್ತಿದ್ದರು.

ಅಕ್ಕ ಆಚೆ ಸೇರಿದಳು. ದಾಟಿಯಾಯಿತು ಭಾವ, ಇನ್ನು ಹಿಂದೆ ಸರಿದು ಕಣ್ಣು ಮುಚ್ಚಿಕೊಳ್ಳಿ ಎಂದು ಅವರ ಅಂಗಿ ಎಳೆದೆ.

“ಇರು,” ಎಂದರು, “ಅವಳು ವಾಪಸ್ ಬರಬೇಕಲ್ಲ.”